ರ‍್ಯಾಮ್ ಹೆಚ್ಚಿಸಿದ ಮೇಲೆ ಲ್ಯಾಪ್‌ಟಾಪ್ ಕೈಕೊಡುತ್ತಿದೆಯೇ? ಮೊದಲು ಹಳೆಯದನ್ನು ಹಾಕಿ ನೋಡಿ

ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದೆ, ಹೊಸದು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲ. ಹಾಗಾಗಿ ನಾಲ್ಕು ಜಿಬಿ ಇದ್ದ ಮೆಮೊರಿಯನ್ನು ಪೇಟೆಗೆ ಹೋಗಿ ಎಂಟೋ ಹನ್ನೆರಡೋ ಜಿಬಿ ಮಾಡಿಸಿಕೊಂಡು ಬಂದದ್ದಾಯಿತು. ಮೊದಲೆರಡು ದಿನ ಯಂತ್ರ ಗಾಳಿಯಂತೆ ಓಡಿತು. ಮೂರನೆಯ ದಿನ ಮಗಳು ಕಾಲೇಜಿನ ಪ್ರಾಜೆಕ್ಟ್ ಬರೆಯುತ್ತಿರುವಾಗ ಪರದೆ ಇದ್ದಕ್ಕಿದ್ದಂತೆ ನೀಲಿಯಾಗಿ ಯಂತ್ರ ತಾನೇ ಆರಿ ತಾನೇ ಹತ್ತಿಕೊಂಡಿತು. ಮರುದಿನ ಬ್ರೌಸರ್ ತೆರೆದೊಡನೆ ಹ್ಯಾಂಗ್. ಆಮೇಲೆ ಒಂದು ದಿನ ಏನೂ ತೊಂದರೆಯಿಲ್ಲ, ಮತ್ತೆ ನೀಲಿ ಪರದೆ.

ಇಂತಹ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡು. ಒಂದು, ‘ವಿಂಡೋಸ್ ತೆಗೆದು ಹೊಸದಾಗಿ ಹಾಕಬೇಕು’. ಇನ್ನೊಂದು, ‘ಬೋರ್ಡ್ ಹೋಗಿದೆ’. ಮೆಮೊರಿ ಬದಲಿಸಿದ ವಾರದಲ್ಲೇ ಶುರುವಾದ ಕಾಯಿಲೆಗೆ ಇವೆರಡೂ ಮೊದಲ ಉತ್ತರವಾಗಬಾರದು. ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಸಣ್ಣ ಸ್ಕ್ರೂ ಡ್ರೈವರ್ ಬಿಟ್ಟರೆ ಬೇರೇನೂ ಬೇಡ. ಹೊಸ ರ‍್ಯಾಮ್ ತೆಗೆದು, ಹಳೆಯದನ್ನು ಹಿಂದಿದ್ದ ಜಾಗದಲ್ಲೇ ಕೂರಿಸಿ, ಎರಡು ಮೂರು ದಿನ ಬಳಸಿ ನೋಡಬೇಕು. ಮಿಕ್ಕ ಪರೀಕ್ಷೆಗಳೆಲ್ಲ ಅದರ ನಂತರ.

ಇಲ್ಲಿ ಒಂದು ಮಾತು ಮುಖ್ಯ. ಮೆಮೊರಿ ಸಂಶಯದಲ್ಲಿರುವಾಗ ಆ ಯಂತ್ರದಲ್ಲಿ ಮೂರು ಕೆಲಸ ಮಾಡಲೇಬಾರದು: ವಿಂಡೋಸನ್ನು ಹೊಸದಾಗಿ ಹಾಕುವುದು, ಬಯಾಸ್ ಅಪ್‌ಡೇಟ್ ಮಾಡುವುದು, ಮತ್ತು ‘ಕೆಡುವ ಮೊದಲು ಕಾಪಿ ಮಾಡಿಬಿಡೋಣ’ ಎಂದು ಅವಸರದಲ್ಲಿ ಫೋಟೊ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಸಾಗಿಸುವುದು. ಮೂರನೆಯದು ಜಾಣತನದಂತೆ ಕಾಣುತ್ತದೆ. ಆದರೆ ಅತಿ ಹೆಚ್ಚು ನಷ್ಟವಾಗುವುದು ಅದರಿಂದಲೇ. ಕಾರಣ ತಿಳಿಯಬೇಕಾದರೆ ಮೆಮೊರಿ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಬೇಕು.

ತೂತು ಬಿಂದಿಗೆಯ ಲೆಕ್ಕ

ಇಂದಿನ ಲ್ಯಾಪ್‌ಟಾಪುಗಳಲ್ಲಿರುವುದು ಡೈನಾಮಿಕ್ ರ‍್ಯಾಮ್. ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಇದರ ಕಲ್ಪನೆ ಕೊಟ್ಟರು, 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಒಂದೊಂದು ಬಿಟ್ ಮಾಹಿತಿಗೂ ಒಂದು ಅತಿ ಸಣ್ಣ ಕೆಪ್ಯಾಸಿಟರ್, ಅದಕ್ಕೆ ಬಾಗಿಲಿನಂತೆ ಒಂದು ಟ್ರಾನ್ಸಿಸ್ಟರ್. ಕೆಪ್ಯಾಸಿಟರಿನಲ್ಲಿ ವಿದ್ಯುತ್ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಆದರೆ ಇದು ತೂತು ಬಿಂದಿಗೆ. ತುಂಬಿಸಿದ್ದು ಸೋರುತ್ತಲೇ ಇರುತ್ತದೆ. ಅದಕ್ಕಾಗಿ ಡಿಡಿಆರ್3 ಮತ್ತು ಡಿಡಿಆರ್4 ಮೆಮೊರಿಗಳಲ್ಲಿ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಓದಿ ಮತ್ತೆ ತುಂಬಿಸಲಾಗುತ್ತದೆ. ಎಂಟು ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂತಹ ಬಿಂದಿಗೆಗಳು ಸುಮಾರು 6,871 ಕೋಟಿ. ಅದರಲ್ಲಿ ಒಂದು ಬೇಗ ಸೋರಿದರೂ, ಇಲ್ಲವೇ ಸ್ಟಿಕ್ ಮತ್ತು ಬೋರ್ಡ್ ನಡುವಿನ ಒಂದು ತಂತು ಸರಿಯಾಗಿ ತಾಗದಿದ್ದರೂ ಬರೆದದ್ದು ಒಂದು, ಓದಿದ್ದು ಇನ್ನೊಂದು ಆಗುತ್ತದೆ.

ತಪ್ಪಿದ ಬಿಟ್ ವಿಂಡೋಸಿನ ತಿರುಳಿಗೆ ಸೇರಿದ್ದಾದರೆ ನೀಲಿ ಪರದೆ ಬರುತ್ತದೆ. ಅದು ಒಂದು ರೀತಿಯಲ್ಲಿ ಅದೃಷ್ಟ, ಏಕೆಂದರೆ ರೋಗ ಕಣ್ಣಿಗೆ ಬಿತ್ತು. ತಪ್ಪಿದ ಬಿಟ್ ಬಳಕೆದಾರರ ಕಡತಕ್ಕೆ ಸೇರಿದ್ದಾದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಗಣಕದಲ್ಲಿ ‘1’ ಎಂಬ ಅಂಕಿಗೂ ‘9’ ಎಂಬ ಅಂಕಿಗೂ ಇರುವ ವ್ಯತ್ಯಾಸ ಒಂದೇ ಬಿಟ್. ಸರ್ವೆ ನಂಬರ್ 41 ಎಂದು ಬರೆದಿಟ್ಟದ್ದು 49 ಆಗಲು ಅಷ್ಟೇ ಸಾಕು. ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಕೊನೆಯ ಬಿಟ್ ತಿರುಗಿದರೆ ಅದು ‘ಔ’ ಆಗುತ್ತದೆ. ಜೆಪೆಗ್ ಫೋಟೊ ಆದರೆ ಮೇಲಿನ ಭಾಗ ಸರಿಯಾಗಿದ್ದು ಕೆಳಗಿನ ಅರ್ಧ ಬಣ್ಣಗೆಟ್ಟು ಬೂದು ಪಟ್ಟಿಯಾಗಬಹುದು. ಜಿಪ್ ಕಡತವಾದರೆ ತೆರೆಯಲೇ ಒಪ್ಪದಿರಬಹುದು.

ಡಿಸ್ಕಿನಿಂದ ಪೆನ್‌ಡ್ರೈವಿಗೆ ಕಾಪಿ ಮಾಡುವಾಗ ಕಡತ ನೇರವಾಗಿ ಹೋಗುವುದಿಲ್ಲ. ಅದು ಮೆಮೊರಿಯ ಮೂಲಕವೇ ಹಾದುಹೋಗುತ್ತದೆ. ಆದ್ದರಿಂದ ಕೆಟ್ಟ ರ‍್ಯಾಮ್ ಇರುವಾಗ ತೆಗೆದ ಬ್ಯಾಕಪ್ ಕೆಟ್ಟ ಬ್ಯಾಕಪ್ ಆಗಿರಬಹುದು. ಅದು ಹಳೆಯ ಒಳ್ಳೆಯ ಬ್ಯಾಕಪ್ಪಿನ ಮೇಲೆಯೇ ಬರೆದು ಕೂತರೆ ಎರಡೂ ಹೋದಂತೆ. ಗಡಿನಾಡಿನ ಮನೆಗಳ ಲ್ಯಾಪ್‌ಟಾಪಿನಲ್ಲಿ ಎರಡು ಭಾಷೆಯ ಕಾಗದಪತ್ರಗಳ ಸ್ಕ್ಯಾನ್ ಪ್ರತಿ ಇರುವುದು ಸಾಮಾನ್ಯ. ಜತ್ತ, ಅಕ್ಕಲಕೋಟೆಯ ಕಡೆ ಸಾತ್‌ಬಾರಾ ಉತಾರಾ, ತಾಳವಾಡಿ, ಹೊಸೂರಿನಲ್ಲಿ ಪಟ್ಟಾ ಚಿಟ್ಟಾ, ಆದೋನಿ, ರಾಯದುರ್ಗದಲ್ಲಿ ಅಡಂಗಲ್, ಕಾಸರಗೋಡಿನಲ್ಲಿ ಆಧಾರಪತ್ರ ಮತ್ತು ಭೂತೆರಿಗೆ ರಶೀದಿ, ಜತೆಗೆ ಮಕ್ಕಳ ಅಂಕಪಟ್ಟಿ, ತೀರಿಕೊಂಡ ಹಿರಿಯರ ಫೋಟೊ. ರ‍್ಯಾಮ್ ಮತ್ತೆ ಕೊಳ್ಳಬಹುದು, ಇವುಗಳಲ್ಲಿ ಕೆಲವು ಮತ್ತೆ ಸಿಗುವುದಿಲ್ಲ. ಹಳೆಯ ಸ್ಟಿಕ್ ಹಾಕಿ, ಯಂತ್ರ ಸ್ಥಿರವಾಗಿದೆ ಎಂದು ಖಚಿತವಾದ ಮೇಲೆ ಬ್ಯಾಕಪ್ ತೆಗೆಯಬೇಕು. ಅದನ್ನೂ ಹಳೆಯ ಪ್ರತಿಯ ಮೇಲೆ ಬರೆಯದೆ ಬೇರೆ ಫೋಲ್ಡರಿನಲ್ಲಿ ಇಡಬೇಕು.

ಒಂದು ಅಪವಾದವನ್ನು ಇಲ್ಲೇ ಹೇಳಬೇಕು. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ ಕಡತ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಅದು ಮೆಮೊರಿಯ ದೋಷವಲ್ಲ. ಆ ಬರಹ ಯೂನಿಕೋಡ್‌ನಲ್ಲಿಲ್ಲ, ಅದರ ಫಾಂಟ್ ಯಂತ್ರದಲ್ಲಿಲ್ಲ, ಅಷ್ಟೆ. ಫಾಂಟ್ ಹಾಕಿದರೆ ಅಥವಾ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿದರೆ ಬರಹ ಹಾಗೆಯೇ ಇರುವುದು ಕಾಣುತ್ತದೆ. ಇದನ್ನು ಕಂಡು ಗಾಬರಿಯಾಗಿ ರ‍್ಯಾಮ್ ಕಿತ್ತವರೂ ಇದ್ದಾರೆ.

ಮೊದಲ ಅನುಮಾನ: ಸ್ಟಿಕ್ ಸರಿಯಾಗಿ ಕೂತಿದೆಯೇ?

ಹಳೆಯ ರ‍್ಯಾಮ್ ಹಾಕಿದ ಮೇಲೆ ಯಂತ್ರ ಸರಿಯಾಯಿತು ಎಂದಾದರೆ ಹೊಸ ಸ್ಟಿಕ್ ಕೆಟ್ಟದ್ದು ಎಂದು ತೀರ್ಮಾನಿಸುವ ಹಾಗಿಲ್ಲ. ಅದು ಸರಿಯಾಗಿ ಕೂರದೆ ಇದ್ದಿರಬಹುದು. ಎಲ್ಲ ಕಾರಣಗಳಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಇದನ್ನು ಸರಿಪಡಿಸಲು ದುಡ್ಡು ಬೇಡ.

ಬಿಚ್ಚುವ ಮೊದಲು ಯಂತ್ರವನ್ನು ಪೂರ್ತಿ ಆರಿಸಬೇಕು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಚಾಲ್ತಿಯಲ್ಲಿದ್ದರೆ ಸಾಮಾನ್ಯ ಶಟ್‌ಡೌನ್ ಪೂರ್ತಿ ಆರಿಸುವುದಲ್ಲ. ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೆ ಪೂರ್ತಿ ಆರುತ್ತದೆ. ಸ್ಲೀಪ್ ಅಥವಾ ಹೈಬರ್ನೇಟ್ ಸ್ಥಿತಿಯಲ್ಲಿರುವ ಯಂತ್ರದ ಮೆಮೊರಿಗೆ ಕೈಹಾಕಲೇಬಾರದು. ಆಮೇಲೆ ಚಾರ್ಜರ್ ಕಳಚಬೇಕು. ಬ್ಯಾಟರಿ ಹೊರಗೆ ಬರುವ ಹಳೆಯ ಮಾದರಿಯಾದರೆ ಅದನ್ನು ತೆಗೆಯಬೇಕು, ಒಳಗಿನ ಬ್ಯಾಟರಿಯಾದರೆ ಹಿಂಬದಿ ತೆರೆದೊಡನೆ ಮೊದಲು ಅದರ ಕನೆಕ್ಟರ್ ಬಿಡಿಸಬೇಕು. ಥಿಂಕ್‌ಪ್ಯಾಡ್‌ನ ಅನೇಕ ಮಾದರಿಗಳಲ್ಲಿ ಒಳಗಿನ ಬ್ಯಾಟರಿಯನ್ನು ಬಯಾಸ್‌ನಿಂದಲೇ ನಿಷ್ಕ್ರಿಯಗೊಳಿಸುವ ಅನುಕೂಲವಿದೆ. ಅನಂತರ ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಇಳಿಯುತ್ತದೆ.

ಲ್ಯಾಪ್‌ಟಾಪ್ ಸ್ಟಿಕ್‌ ಅನ್ನು ನೇರವಾಗಿ ಒತ್ತಿ ಕೂರಿಸುವುದಲ್ಲ. ಸುಮಾರು ಮೂವತ್ತು ಡಿಗ್ರಿ ಓರೆಯಲ್ಲಿ ಸ್ಲಾಟಿನೊಳಗೆ ತಳ್ಳಬೇಕು. ಚಿನ್ನದ ಬಣ್ಣದ ಪಟ್ಟಿಗಳು ಹೆಚ್ಚುಕಡಿಮೆ ಮರೆಯಾಗುವವರೆಗೆ ಒಳಗೆ ಹೋದ ಮೇಲೆಯೇ ಕೆಳಗೆ ಒತ್ತಬೇಕು. ಆಗ ಎರಡೂ ಬದಿಯ ಕ್ಲಿಪ್ಪುಗಳು ಟಕ್ ಎಂದು ಹಿಡಿಯುತ್ತವೆ. ಬಹಳ ಮಂದಿ ಅರ್ಧ ತಳ್ಳಿ ಕೆಳಗೆ ಒತ್ತುತ್ತಾರೆ. ಕ್ಲಿಪ್ ಹೇಗೋ ಹಿಡಿಯುತ್ತದೆ, ಯಂತ್ರವೂ ಹತ್ತಿಕೊಳ್ಳುತ್ತದೆ. ಆದರೆ ಬಿಸಿಯೇರಿ ಲೋಹ ಹಿಗ್ಗಿದಾಗ, ಅಥವಾ ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಮೂಲೆ ಹಿಡಿದು ಎತ್ತಿದಾಗ ಸಂಪರ್ಕ ತಪ್ಪುತ್ತದೆ. ‘ಮೇಜಿನ ಮೇಲಿದ್ದರೆ ಸರಿ, ತೊಡೆಯ ಮೇಲಿಟ್ಟರೆ ಹ್ಯಾಂಗ್’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಬೇಕು.

ಪಟ್ಟಿಗಳ ಮೇಲೆ ಬೆರಳಿನ ಎಣ್ಣೆ, ಧೂಳು, ಕಿಲುಬು ಇದ್ದರೂ ಹೀಗೆಯೇ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಯಿದೆ. ಅದರಿಂದ ಕೆಲಸವಾಗುತ್ತದೆ ಎಂಬುದು ನಿಜವಾದರೂ ಚಿನ್ನದ ಲೇಪನ ಬಹಳ ತೆಳು, ಮತ್ತೆ ಮತ್ತೆ ಉಜ್ಜಿದರೆ ಸವೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೃದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕುವುದು ಮೇಲು. ಕಾಸರಗೋಡಿನ ಕಡಲಂಚಿನ ಉಪ್ಪುಗಾಳಿ, ವಯನಾಡು ಮತ್ತು ನೀಲಗಿರಿಯ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಖಾಲಿಯಿದ್ದ ಸ್ಲಾಟಿನ ಒಳಗನ್ನೂ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಸೊಲ್ಲಾಪುರ, ಆದೋನಿಯಂತಹ ಒಣಹವೆಯ ಊರುಗಳಲ್ಲಿ ಭಯ ಬೇರೆ: ಸ್ಥಿರ ವಿದ್ಯುತ್. ಚಳಿಗಾಲದಲ್ಲಿ ಪಾಲಿಯೆಸ್ಟರ್ ಬಟ್ಟೆ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಸ್ಟಿಕ್ ಮುಟ್ಟಿದರೆ ಕಿಡಿ ಕಾಣದೆಯೂ ಚಿಪ್ಪಿಗೆ ಪೆಟ್ಟಾಗಬಹುದು. ನೆಲದೊಡನೆ ಸಂಪರ್ಕವಿರುವ ಲೋಹದ ನಲ್ಲಿಯನ್ನೋ ಕಿಟಕಿಯ ಕಂಬಿಯನ್ನೋ ಮುಟ್ಟಿ, ಸ್ಟಿಕ್‌ ಅನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು.

ಕೂಡುವ ಸ್ಟಿಕ್ ಎಲ್ಲ ಹೊಂದುವ ಸ್ಟಿಕ್ ಅಲ್ಲ

ಮೆಮೊರಿಯ ಪೀಳಿಗೆಗಳು ಬೇರೆ ಬೇರೆ. ಲ್ಯಾಪ್‌ಟಾಪಿನ ಡಿಡಿಆರ್3 ಸ್ಟಿಕ್‌ನಲ್ಲಿ 204 ಪಿನ್ನುಗಳು, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262. ಕಚ್ಚಿನ ಜಾಗವೂ ಬೇರೆ. ಹಾಗಾಗಿ ಒಂದು ಪೀಳಿಗೆಯದು ಇನ್ನೊಂದರ ಸ್ಲಾಟಿಗೆ ಹೋಗುವುದಿಲ್ಲ, ಬಲವಂತ ಮಾಡದಿದ್ದರೆ ಅಪಾಯವಿಲ್ಲ.

ನಿಜವಾದ ಮೋಸ ಇರುವುದು ಒಂದೇ ಪೀಳಿಗೆಯ ಒಳಗೆ. ಡಿಡಿಆರ್3ರಲ್ಲಿ ಎರಡು ಬಗೆ. ಮೊದಲಿನದು 1.5 ವೋಲ್ಟಿನಲ್ಲಿ ಓಡುವಂಥದ್ದು, ಆಮೇಲೆ ಬಂದದ್ದು 1.35 ವೋಲ್ಟಿನ ಡಿಡಿಆರ್3ಎಲ್. ಎರಡಕ್ಕೂ 204 ಪಿನ್, ಎರಡಕ್ಕೂ ಕಚ್ಚು ಒಂದೇ ಕಡೆ. ಕಣ್ಣಿಗೆ ವ್ಯತ್ಯಾಸವೇ ಇಲ್ಲ, ಲೇಬಲ್ಲಿನಲ್ಲಿ ಮಾತ್ರ ಇದೆ: ಹಳೆಯದರ ಮೇಲೆ ‘ಪಿಸಿ3-12800ಎಸ್’ ಎಂದಿದ್ದರೆ ಇನ್ನೊಂದರ ಮೇಲೆ ‘ಪಿಸಿ3ಎಲ್-12800ಎಸ್’. ಆ ಒಂದು ‘ಎಲ್’ ಅಕ್ಷರದಲ್ಲಿ ಎಲ್ಲವೂ ಇದೆ. ಇಂಟೆಲ್‌ನ ನಾಲ್ಕನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರುಗಳು 2013ರಲ್ಲಿ ಬಂದವು. ಐ3-4005ಯು, ಐ5-4300ಯು ಎಂಬ ಹೆಸರುಗಳಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕಿಯೇ ಪೀಳಿಗೆ. ಇವು ಬಯಸುವುದು 1.35 ವೋಲ್ಟಿನ ಮೆಮೊರಿಯನ್ನು. 1.35 ವೋಲ್ಟಿನ ಸ್ಟಿಕ್ 1.5 ವೋಲ್ಟಿನ ಯಂತ್ರದಲ್ಲಿ ಸಾಮಾನ್ಯವಾಗಿ ಓಡುತ್ತದೆ, ಆದರೆ 1.5 ವೋಲ್ಟಿನ ಸ್ಟಿಕ್‌ಗೆ 1.35 ವೋಲ್ಟ್ ಮಾತ್ರ ಕೊಟ್ಟರೆ ಅರೆಹೊಟ್ಟೆಯ ಎತ್ತಿಗೆ ನೊಗ ಹೂಡಿದಂತೆ. ಕೆಲವು ಯಂತ್ರಗಳು ಹತ್ತಿಕೊಳ್ಳುವುದೇ ಇಲ್ಲ. ಕೆಲವು ಹತ್ತಿಕೊಂಡು, ಕೆಲಸ ಹೆಚ್ಚಾದಾಗ ಮುಗ್ಗರಿಸುತ್ತವೆ. ಕಚೇರಿಗಳಿಂದ ಹೊರಬಂದು ಕೈಬದಲಾಗಿ ಹಳ್ಳಿಗೆ ತಲುಪುವ ಲ್ಯಾಪ್‌ಟಾಪುಗಳಲ್ಲಿ ಈ ಕಾಲದವು ಸಾಕಷ್ಟಿವೆ. ಹಳೆಯ ರ‍್ಯಾಮ್ ಪೆಟ್ಟಿಗೆಯಿಂದ ‘ಡಿಡಿಆರ್3 ತಾನೇ’ ಎಂದು ಒಂದನ್ನು ಆರಿಸಿ ಹಾಕುವ ಅಂಗಡಿಯಲ್ಲಿ ತಪ್ಪು ನಡೆಯುವುದು ಹೀಗೆ. ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ವಿದ್ಯಾರ್ಥಿ ಲ್ಯಾಪ್‌ಟಾಪ್ ಯೋಜನೆಯ ಯಂತ್ರ ಇಟ್ಟುಕೊಂಡಿರುವ ಹೊಸೂರು, ತಾಳವಾಡಿ, ನೀಲಗಿರಿಯ ಮನೆಯವರೂ ಹೆಚ್ಚುವರಿ ಸ್ಟಿಕ್ ಕೊಳ್ಳುವ ಮೊದಲು ಒಳಗಿರುವ ಸ್ಟಿಕ್‌ನ ಲೇಬಲ್ಲನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋಗುವುದು ಕ್ಷೇಮ.

ಲೇಬಲ್ಲಿನ ದೊಡ್ಡ ಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ವೇಗ ಸಿಗುತ್ತದೆ. 12800 ಎಂದರೆ 1600, 19200 ಎಂದರೆ 2400, 25600 ಎಂದರೆ 3200. ವೇಗ ಬೇರೆಯಿರುವ ಎರಡು ಸ್ಟಿಕ್‌ಗಳಿದ್ದರೆ ಎರಡೂ ನಿಧಾನದ್ದರ ಲೆಕ್ಕದಲ್ಲಿ ಓಡಬೇಕು. ಸ್ಟಿಕ್‌ನ ಮೇಲಿರುವ ಒಂದು ಸಣ್ಣ ಚಿಪ್ ಅದರ ಗುಣಲಕ್ಷಣಗಳನ್ನು ಬರೆದಿಟ್ಟುಕೊಂಡಿರುತ್ತದೆ, ಬಯಾಸ್ ಅದನ್ನು ಓದಿ ಹೊಂದಾಣಿಕೆ ಮಾಡುತ್ತದೆ. ಹೆಚ್ಚಿನ ಸಲ ಇದು ಸುಗಮ. ಆದರೆ ಆ ಚಿಪ್ಪಿನ ಮಾಹಿತಿಯೇ ತಪ್ಪಿರುವ ಅಗ್ಗದ ಸ್ಟಿಕ್, ಅಥವಾ ಹೊಸ ಬಗೆಯ ಸ್ಟಿಕ್‌ನ ಪರಿಚಯವಿಲ್ಲದ ಹಳೆಯ ಬಯಾಸ್ ಇದ್ದರೆ ಹೊಂದಾಣಿಕೆ ತಪ್ಪುತ್ತದೆ. ‘1ಆರ್‌ಎಕ್ಸ್8’, ‘2ಆರ್‌ಎಕ್ಸ್8’ ಎಂಬ ಬರಹ ಚಿಪ್ಪುಗಳನ್ನು ಜೋಡಿಸಿದ ಬಗೆಯನ್ನು ಹೇಳುತ್ತದೆ. ಎರಡು ಸ್ಟಿಕ್‌ಗಳಲ್ಲಿ ಇದೂ ಒಂದೇ ಇದ್ದರೆ ತಕರಾರು ಕಡಿಮೆ. ಯಂತ್ರ ಒಟ್ಟು ಎಷ್ಟು ಜಿಬಿ ತಾಳುತ್ತದೆ, ಒಂದು ಸ್ಲಾಟಿನಲ್ಲಿ ಎಷ್ಟು ಎಂಬುದು ತಯಾರಕರ ಕೈಪಿಡಿಯಲ್ಲಿದೆ.

ಅನೇಕ ಲ್ಯಾಪ್‌ಟಾಪುಗಳಲ್ಲಿ ಒಂದಿಷ್ಟು ಮೆಮೊರಿ ಬೋರ್ಡಿಗೇ ಬೆಸುಗೆಯಾಗಿದ್ದು ಒಂದು ಸ್ಲಾಟ್ ಮಾತ್ರ ಇರುತ್ತದೆ. ಥಿಂಕ್‌ಪ್ಯಾಡ್ ಟಿ440 ಇಂಥದ್ದು. ಇಲ್ಲಿ ಒಂದೊಂದೇ ಸ್ಟಿಕ್ ತೆಗೆದು ನೋಡುವ ಪರೀಕ್ಷೆ ಅರ್ಧ ಮಾತ್ರ ಸಾಧ್ಯ. ಸ್ಲಾಟಿನದನ್ನು ತೆಗೆದ ಮೇಲೂ ತೊಂದರೆ ಇದ್ದರೆ ದೋಷ ಬೋರ್ಡಿನಲ್ಲಿದೆ ಎನ್ನಲು ಆಗ ಮಾತ್ರ ಆಧಾರ ಸಿಕ್ಕಂತೆ.

ರಾತ್ರಿಯಿಡೀ ಪರೀಕ್ಷೆ

ಸ್ಟಿಕ್ ಚೆನ್ನಾಗಿ ಕೂತಿದೆ, ಲೇಬಲ್ ಹೊಂದುತ್ತದೆ, ಆದರೂ ಯಂತ್ರ ಕೈಕೊಡುತ್ತಿದೆ ಎಂದರೆ ಪರೀಕ್ಷೆಯ ತಂತ್ರಾಂಶಕ್ಕೆ ಹೋಗಬೇಕು. ವಿಂಡೋಸಿನಲ್ಲೇ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಇದೆ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ಯಂತ್ರ ಮತ್ತೆ ಶುರುವಾಗಿ ಪರೀಕ್ಷೆ ನಡೆಯುತ್ತಿರುವಾಗ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿಕೊಂಡರೆ ಹೆಚ್ಚು ಕಟ್ಟುನಿಟ್ಟು. ಫಲಿತಾಂಶ ಕಾಣದೆ ಮಾಯವಾದರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಪಟ್ಟಿಯಲ್ಲಿ ನೋಡಬಹುದು. ಇದು ತಪ್ಪು ತೋರಿಸಿದರೆ ನಂಬಬೇಕು, ತೋರಿಸದಿದ್ದರೆ ಪೂರ್ತಿ ನಂಬಬಾರದು.

ಇನ್ನೂ ಆಳವಾಗಿ ನೋಡುವುದು ಮೆಮ್‌ಟೆಸ್ಟ್86 ಮತ್ತು ಮೆಮ್‌ಟೆಸ್ಟ್86 ಪ್ಲಸ್. ಎರಡೂ ಬೇರೆ ಬೇರೆ ತಂತ್ರಾಂಶಗಳು. ಮೊದಲನೆಯದು ಪಾಸ್‌ಮಾರ್ಕ್ ಕಂಪನಿಯದು, ಅದರ ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಎರಡನೆಯದು ಮುಕ್ತ ತಂತ್ರಾಂಶ, 2022ರ ಆರನೇ ಆವೃತ್ತಿಯಿಂದ ಹೊಸ ಯುಇಎಫ್ಐ ಯಂತ್ರಗಳಲ್ಲೂ ನಡೆಯುತ್ತದೆ. ಇವುಗಳನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ಆ ಪೆನ್‌ಡ್ರೈವನ್ನು ಕಾಯಿಲೆಯ ಯಂತ್ರದಲ್ಲಿ ತಯಾರಿಸದೆ ಬೇರೆ ಗಣಕದಲ್ಲಿ ತಯಾರಿಸುವುದು ವಾಸಿ. ಕೇರಳದ ಶಾಲೆಗಳಲ್ಲಿರುವ ಐಟಿ ಅಟ್ ಸ್ಕೂಲ್ ಗ್ನೂ ಲಿನಕ್ಸ್‌ನಂತಹ ವ್ಯವಸ್ಥೆ ಇರುವ ಯಂತ್ರಗಳಿಗೂ ಇದೇ ಪೆನ್‌ಡ್ರೈವ್ ಸಾಕು, ಒಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ಪರೀಕ್ಷೆಗೆ ಅಡ್ಡಿಯಿಲ್ಲ. ಚಾರ್ಜರ್ ಹಾಕಿ ರಾತ್ರಿ ಮಲಗುವಾಗ ಶುರುಮಾಡಿದರೆ ಬೆಳಗ್ಗೆ ಫಲಿತಾಂಶ ಸಿಗುತ್ತದೆ. ನಡುವೆ ಕರೆಂಟ್ ಹೋದರೆ ಬ್ಯಾಟರಿ ಕಾಯುತ್ತದೆ, ಅದು ಲ್ಯಾಪ್‌ಟಾಪಿನ ಭಾಗ್ಯ.

ಬೂಟ್ ಮಾಡಲು ಸೆಕ್ಯೂರ್ ಬೂಟ್ ಆರಿಸಬೇಕಾಗಿ ಬಂದರೆ ಒಂದು ಎಚ್ಚರ. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪಿಯಾಗಿದ್ದರೆ, ಇಂತಹ ಬದಲಾವಣೆಯ ನಂತರ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಇದು ಚಾಲ್ತಿಯಲ್ಲಿರುವುದುಂಟು. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದುಕೊಂಡ ನಂತರವೇ ಬಯಾಸ್‌ಗೆ ಕೈಹಾಕಬೇಕು. ಕೀ ಇಲ್ಲದೆ ಒಳಗಿನ ಕಡತಗಳನ್ನು ಯಾವ ಅಂಗಡಿಯೂ ತೆಗೆದುಕೊಡಲಾರದು.

ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಕಂಡರೂ ಅದು ತಪ್ಪೇ. ‘ಒಂದೆರಡು ಇರುತ್ತದೆ, ಪರವಾಗಿಲ್ಲ’ ಎಂಬ ಮಾತನ್ನು ಒಪ್ಪಬಾರದು. ತಪ್ಪು ಕಂಡ ಮೇಲೆ ದೋಷ ಎಲ್ಲಿದೆ ಎಂದು ಹುಡುಕಲು ಒಂದೊಂದೇ ಸ್ಟಿಕ್ ಹಾಕಿ ನೋಡಬೇಕು. ಹೊಸ ಸ್ಟಿಕ್ ಒಂದನ್ನೇ ಮೊದಲ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ, ನಂತರ ಅದನ್ನೇ ಎರಡನೆಯದರಲ್ಲಿ. ಎರಡರಲ್ಲೂ ತಪ್ಪು ಬಂದು, ಹಳೆಯ ಸ್ಟಿಕ್ ಎರಡರಲ್ಲೂ ಶುದ್ಧವಾಗಿದ್ದರೆ ಹೊಸದು ಕೆಟ್ಟದ್ದು. ಯಾವ ಸ್ಟಿಕ್ ಹಾಕಿದರೂ ಎರಡನೆಯ ಸ್ಲಾಟಿನಲ್ಲಿ ಮಾತ್ರ ತಪ್ಪು ಬಂದರೆ ಸ್ಲಾಟಿನದೋ ಬೋರ್ಡಿನದೋ ದೋಷ. ಬಿಡಿಬಿಡಿಯಾಗಿ ಎರಡೂ ಶುದ್ಧ, ಜೋಡಿಯಾಗಿ ಮಾತ್ರ ತಪ್ಪು ಎಂದರೆ ಎರಡಕ್ಕೂ ಹೊಂದಾಣಿಕೆಯಿಲ್ಲ. ಆಗ ಹಳೆಯ ಸ್ಟಿಕ್‌ನೊಡನೆ ಯಂತ್ರ ಸ್ಥಿರವಾಗಿರುವಾಗ, ಚಾರ್ಜರ್ ಮತ್ತು ಬ್ಯಾಟರಿ ಎರಡೂ ಇರುವಾಗ ತಯಾರಕರ ತಾಣದಿಂದ ಅದೇ ಮಾದರಿಯ ಬಯಾಸ್ ಅಪ್‌ಡೇಟ್ ಹಾಕಿ, ಬಯಾಸ್‌ನ ಮೂಲ ಹೊಂದಿಕೆಗೆ ಮರಳಿ, ಮತ್ತೊಮ್ಮೆ ನೋಡಬಹುದು. ಆಗಲೂ ಆಗದಿದ್ದರೆ ಒಂದೇ ಬಗೆಯ ಜೋಡಿ ಸ್ಟಿಕ್ ಕೊಳ್ಳುವುದೊಂದೇ ದಾರಿ.

ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಗಿದ್ದರೆ ಗಾಬರಿ ಬೇಡ. ಬಯಾಸ್ ಮೆಮೊರಿಯ ಸಮಯವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಡಿಡಿಆರ್5ರಲ್ಲಿ ಇದಕ್ಕೆ ಕೆಲವು ನಿಮಿಷವೂ ಹಿಡಿಯಬಹುದು. ನಡುವೆ ಪವರ್ ಗುಂಡಿ ಒತ್ತಿ ಆರಿಸಿದರೆ ಮತ್ತೆ ಮೊದಲಿನಿಂದ.

ರ‍್ಯಾಮ್ ಮೇಲೆ ಹೊರಿಸಲಾಗದ ತಪ್ಪುಗಳು

ಎಂಟು ಜಿಬಿ ಹಾಕಿದರೂ ಮೂರು ಚಿಲ್ಲರೆ ಜಿಬಿ ಮಾತ್ರ ಬಳಕೆಗೆ ಸಿಗುತ್ತಿದ್ದರೆ ಒಳಗಿರುವುದು 32 ಬಿಟ್ ವಿಂಡೋಸ್ ಆಗಿರಬಹುದು, ಅದು ದೋಷವಲ್ಲ, ಮಿತಿ. ನೀಲಿ ಪರದೆಯಲ್ಲಿ ಪ್ರತಿ ಸಲವೂ ಒಂದೇ ಡ್ರೈವರ್ ಕಡತದ ಹೆಸರು ಬಂದರೆ ಆ ಡ್ರೈವರನ್ನು ಅನುಮಾನಿಸಬೇಕು. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’, ಮತ್ತೊಮ್ಮೆ ಇನ್ನೇನೋ ಎಂದು ದಿನಕ್ಕೊಂದು ಕಾರಣ ತೋರಿಸಿದರೆ ಮೆಮೊರಿಯ ಮೇಲಿನ ಸಂಶಯ ಬಲವಾಗುತ್ತದೆ. ಚಾರ್ಜರ್ ಹಾಕಿದಾಗ ಮಾತ್ರ ತೊಂದರೆ ಎಂದಾದರೆ ಚಾರ್ಜರ್ ಬದಲಿಸಿ ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಮೆಮೊರಿ ಹೆಚ್ಚಿಸಿದರೆ ವಿಂಡೋಸ್ 11 ಬರುತ್ತದೆ ಎಂದು ನಂಬಿ ಖರ್ಚು ಮಾಡಿದವರಿದ್ದಾರೆ. ವಿಂಡೋಸ್ 11 ಕೇಳುವ ಮೆಮೊರಿ ನಾಲ್ಕೇ ಜಿಬಿ. ಹಳೆಯ ಯಂತ್ರಗಳಿಗೆ ಅಡ್ಡಿಯಾಗುವುದು ಪ್ರೊಸೆಸರ್ ಮತ್ತು ಟಿಪಿಎಂ 2.0.

ಬಿಸಿಯ ವಿಷಯವನ್ನು ಮಾತ್ರ ಹಗುರವಾಗಿ ತಳ್ಳಬಾರದು. ಬಿಸಿ ಏರಿದಂತೆ ಮೆಮೊರಿಯ ಬಿಂದಿಗೆಗಳು ಇನ್ನೂ ಬೇಗ ಸೋರುತ್ತವೆ. ಚಿಪ್ಪಿನ ಬಿಸಿ 85 ಡಿಗ್ರಿ ದಾಟಿದರೆ 64 ಮಿಲಿಸೆಕೆಂಡಿನ ಗಡುವು 32ಕ್ಕೆ ಇಳಿಯಬೇಕೆಂಬುದು ಡಿಡಿಆರ್3, ಡಿಡಿಆರ್4ರ ನಿಯಮ. ಸೊಲ್ಲಾಪುರದಂತೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ಮೀರುವ ಊರಿನಲ್ಲಿ, ಫ್ಯಾನಿನ ತುಂಬ ಧೂಳು ಕಟ್ಟಿದ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಓಡಿಸಿದರೆ ಮಧ್ಯಾಹ್ನ ಕೆಡುವುದು, ಬೆಳಗ್ಗೆ ಸರಿಯಿರುವುದು ಆಶ್ಚರ್ಯವಲ್ಲ. ತಂಪು ಹೊತ್ತಿನ ಪರೀಕ್ಷೆಯಲ್ಲಿ ಪಾಸಾದ ಸ್ಟಿಕ್‌ ಅನ್ನು ಬಿಸಿಲು ಹೊತ್ತಿನಲ್ಲೂ ಒಮ್ಮೆ ಪರೀಕ್ಷಿಸಬೇಕು.

ಹೊಸ ಸ್ಟಿಕ್ ಕೆಟ್ಟಿರಲಾರದು ಎಂಬ ಅಂಗಡಿಯವರ ವಾದವೂ ನಿಲ್ಲುವುದಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ತಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಗಲ್‌ನ ಸರ್ವರುಗಳಲ್ಲಿದ್ದ ಸ್ಟಿಕ್‌ಗಳಲ್ಲಿ ವರ್ಷಕ್ಕೆ ನೂರಕ್ಕೆ ಎಂಟಕ್ಕಿಂತ ಹೆಚ್ಚಿನವುಗಳಲ್ಲಿ ತಪ್ಪು ಕಾಣಿಸಿಕೊಂಡಿತ್ತು. ಆ ಸರ್ವರುಗಳಲ್ಲಿ ತಪ್ಪನ್ನು ಗುರುತಿಸಿ ತಿದ್ದುವ ಇಸಿಸಿ ವ್ಯವಸ್ಥೆ ಇತ್ತು. ಮನೆಯ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಅದಿಲ್ಲ.

ಕೊಳ್ಳುವಾಗ, ಹಿಂದಿರುಗಿಸುವಾಗ

2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಜೋರಾಗಿ ಏರಿತು. ಬೆಲೆ ಏರಿದಾಗ ಹಳೆಯ ಸ್ಟಿಕ್‌ಗೆ ಹೊಸ ಲೇಬಲ್ ಅಂಟಿಸಿ ಮಾರುವ ಆಸೆಯೂ ಏರುತ್ತದೆ. ಸ್ಟಿಕ್‌ನ ಸೀರಿಯಲ್ ನಂಬರ್ ಇರುವ ಬಿಲ್ ಕೇಳಿ ಪಡೆಯಬೇಕು. ಲ್ಯಾಪ್‌ಟಾಪ್ ಹತ್ತಿಸಿ, ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಒಟ್ಟು ಪ್ರಮಾಣ, ವೇಗ, ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಅನೇಕ ತಯಾರಕರು ರ‍್ಯಾಮಿಗೆ ದೀರ್ಘ ವಾರಂಟಿ ಕೊಡುತ್ತಾರೆ. ಪರೀಕ್ಷೆಯಲ್ಲಿ ತಪ್ಪು ತೋರಿಸಿದ ಕೆಂಪು ಸಾಲುಗಳ ಫೋಟೊ ಫೋನಿನಲ್ಲಿದ್ದರೆ ವಾದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹಳೆಯ ಸ್ಟಿಕ್‌ ಅನ್ನು ಅಂಗಡಿಯವರು ‘ನಿಮಗೆ ಇದರಿಂದ ಏನು ಪ್ರಯೋಜನ’ ಎಂದು ಕೇಳಿ, ನೂರಿನ್ನೂರು ಕಳೆದು ಇಟ್ಟುಕೊಳ್ಳುವುದುಂಟು. ಕೊಡಬಾರದು. ಕಾಸರಗೋಡಿನವರು ಮಂಗಳೂರಿನಲ್ಲೋ, ರಾಯದುರ್ಗದವರು ಬಳ್ಳಾರಿಯಲ್ಲೋ ಹಾಕಿಸಿಕೊಂಡು ಊರಿಗೆ ಮರಳಿದ ಮೇಲೆ ಯಂತ್ರ ಕೈಕೊಟ್ಟರೆ, ಮೊದಲ ಪರೀಕ್ಷೆಗೆ ಬೇಕಾದ ಸಾಧನವೇ ಕೈಯಲ್ಲಿ ಇರುವುದಿಲ್ಲ. ಹೊಸ ಸ್ಟಿಕ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆಯದನ್ನು ಹಾಕಿ, ಕನಿಷ್ಠ ಒಂದು ಬೇಸಿಗೆ ಕಳೆಯುವವರೆಗೆ ಕಪಾಟಿನಲ್ಲಿ ಇಡುವುದು ಒಳ್ಳೆಯದು.

ದೋಷ ಪರಿಹಾರವಾದ ಮೇಲೆ ಕೆಟ್ಟ ದಿನಗಳ ಲೆಕ್ಕ ತೆಗೆಯುವುದು ಬಾಕಿ ಇರುತ್ತದೆ. ವಿಂಡೋಸಿನ ಸಿಸ್ಟಮ್ ಫೈಲ್ ಚೆಕರ್ ಓಡಿಸಿದರೆ ವ್ಯವಸ್ಥೆಯ ಕಡತಗಳು ಸರಿಯಾಗುತ್ತವೆ, ಡಿಸ್ಕಿನ ಪಟ್ಟಿಯನ್ನು ಚೆಕ್ ಡಿಸ್ಕ್ ನೋಡಿಕೊಳ್ಳುತ್ತದೆ. ಮನೆಯವರ ಕಡತಗಳನ್ನು ಮಾತ್ರ ಮನೆಯವರೇ ನೋಡಬೇಕು. ರ‍್ಯಾಮ್ ಹಾಕಿದ ದಿನದಿಂದ ತೆಗೆದ ದಿನದವರೆಗೆ ಬದಲಾದ ಕಡತಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಂದೊಂದಾಗಿ ತೆರೆಯಬೇಕು. ಫೋಟೊಗಳ ಕೆಳಭಾಗ ನೋಡಬೇಕು, ಸರ್ವೆ ನಂಬರ್, ಖಾತೆ ಸಂಖ್ಯೆಗಳನ್ನು ಕಾಗದದ ಪ್ರತಿಯೊಡನೆ ತಾಳೆ ನೋಡಬೇಕು. ಆ ದಿನಗಳಲ್ಲಿ ಪೆನ್‌ಡ್ರೈವಿಗೆ ಹೋದ ಕಾಪಿಗಳಿಗೂ ಇದೇ ತಪಾಸಣೆ.